ಖುಕುರಿಯ ಬಾಯಿಗೆ ಕೆಟ್ಲಿ ನೀರು

ರಾತ್ರಿ ಸೀಟಿ ಊದುತ್ತ ಬೀದಿ ಸುತ್ತುವ ಕಾವಲುಗಾರನನ್ನು ನಮ್ಮ ಊರುಗಳಲ್ಲಿ ‘ಗೂರ್ಖಾ’ ಎಂದೇ ಕರೆದು ರೂಢಿ. ಅವನ ನಾಡಿನ ಬಾಗು ಕತ್ತಿಯ ಬಗ್ಗೆ ನಮಗೆ ಗೊತ್ತಿರುವುದು ಮಾತ್ರ ಬಹುಪಾಲು ಒಂದು ಕಟ್ಟುಕತೆ: ಒರೆಯಿಂದ ಈಚೆ ಬಂದ ಖುಕುರಿ ರಕ್ತ ಕಾಣದೆ ಒಳಗೆ ಹೋಗುವುದಿಲ್ಲವಂತೆ. ನೇಪಾಳದ ಗುಡ್ಡದ ಮನೆಗಳಲ್ಲಿ ಅದೇ ಕತ್ತಿಯಿಂದ ಸೌದೆ ಸೀಳುತ್ತಾರೆ, ಬಿದಿರು ಕಡಿಯುತ್ತಾರೆ, ದನಕ್ಕೆ ಸೊಪ್ಪು ಸವರುತ್ತಾರೆ, ದಸರೆಗೆ ಆಡು ಕಡಿಯುತ್ತಾರೆ. ಪ್ರತಿಸಲ ರಕ್ತ ಬೇಕೆಂದರೆ ಒಲೆ ಹೊತ್ತಿಸುವವರ ಗತಿ ಏನು?

ಬೇಟೆಗೂ ಅದೇ ಕತ್ತಿ. ಸಾಂಪ್ರದಾಯಿಕ ಒರೆಯ ಬೆನ್ನಿಗೆ ಇನ್ನೆರಡು ಪುಟ್ಟ ಚೂರಿಗಳು ಅಂಟಿಕೊಂಡಿರುತ್ತವೆ. ‘ಕರ್ದ’ ಹರಿತವಾದದ್ದು, ಚರ್ಮ ಸುಲಿಯುವಂಥ ನಾಜೂಕು ಕೆಲಸಕ್ಕೆ. ‘ಚಕ್ಮಕ್’ಗೆ ಹರಿತವೇ ಇಲ್ಲ, ದೊಡ್ಡ ಅಲಗಿನ ಬಾಯಿ ಮಡಿಚಿಕೊಂಡರೆ ತಿದ್ದಲು, ಕಲ್ಲಿಗೆ ಕುಟ್ಟಿ ಬೆಂಕಿಯ ಕಿಡಿ ಹಾರಿಸಲು. ದಾರಿ ಬಿಡಿಸಲು, ಮೂಳೆ ತುಂಡರಿಸಲು ಖುಕುರಿ. ಕಾಡಿಗೆ ಹೊರಟವನ ಸರಂಜಾಮೆಲ್ಲ ಒಂದೇ ಒರೆಯಲ್ಲಿ. ಈಗ ನೇಪಾಳದಲ್ಲಿ ಬೇಟೆಗೆಂದೇ ಇರುವ ಮೀಸಲು ಪ್ರದೇಶ ಢೋರ್‌ಪಾಟನ್ ಒಂದೇ. ಅಲ್ಲಿಯೂ ಪರವಾನಗಿ ಬೇಕು.

ಖುಕುರಿ ಎಂದರೆ ನೇಪಾಳಿಗರು ಮೊದಲು ನೆನೆಯುವುದು ಪೂರ್ವದ ಗುಡ್ಡಗಳ ಭೋಜ್‌ಪುರವನ್ನು. ಕಮ್ಮಾರಸಾಲೆಗೆ ಅಲ್ಲಿನ ಹೆಸರು ‘ಆರನ್’. ನೆಲದಲ್ಲೊಂದು ಇದ್ದಿಲ ಕುಲುಮೆ, ಹಿಂದೆ ತೊಗಲಿನ ತಿದಿ ಇದ್ದ ಜಾಗದಲ್ಲಿ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ, ನೆಲಕ್ಕೆ ಹುಗಿದ ಗಿಡ್ಡ ಅಡಿಗಲ್ಲು. ಕೂತೇ ಕೆಲಸ. ಕಬ್ಬಿಣ ಬರುವುದು ಗುಜರಿಯಿಂದ, ಹಳೆ ಲಾರಿ–ಜೀಪುಗಳ ಸ್ಪ್ರಿಂಗ್ ಪ್ಲೇಟು. ಇದನ್ನು ಕೇಳಿ ಮೂಗು ಮುರಿಯಬೇಕಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಲೋಡು ಹೊತ್ತು ಬಾಗಿ ಮತ್ತೆ ನೆಟ್ಟಗಾಗಲೆಂದೇ ತಯಾರಾದ ಉಕ್ಕು ಅದು. ಸುಮಾರು ಶೇ 0.6ರಷ್ಟು ಇಂಗಾಲ ಇರುವುದರಿಂದ ಹದ ಕೊಟ್ಟರೆ ಗಟ್ಟಿಯಾಗುತ್ತದೆ, ಆದರೂ ಪಟ್ಟನೆ ಮುರಿಯದು.

ಕಾದ ಪ್ಲೇಟನ್ನು ಉಳಿಯಿಟ್ಟು ಕತ್ತರಿಸಿ, ಯಜಮಾನ ಇಕ್ಕಳದಲ್ಲಿ ಹಿಡಿಯುತ್ತಾನೆ. ಎದುರಿನವ ದೊಡ್ಡ ಸುತ್ತಿಗೆ ಬೀಸುತ್ತಾನೆ. ಎಲ್ಲಿ ಬೀಳಬೇಕೆಂದು ಯಜಮಾನನ ಚಿಕ್ಕ ಸುತ್ತಿಗೆ ತಟ್ಟಿ ತೋರಿಸುತ್ತದೆ, ಮಾತಿಲ್ಲ. ಬೆನ್ನು ದಪ್ಪ, ಹಿಡಿಯ ಬಳಿ ಎಷ್ಟೋ ಸಲ 8ರಿಂದ 10 ಮಿಲಿಮೀಟರ್ ಉಳಿಯುತ್ತದೆ. ಬೆನ್ನು ಮುಂದಕ್ಕೆ ಬಾಗಿ, ಹೊಟ್ಟೆ ಅಗಲವಾಗಿ, ತೂಕವೆಲ್ಲ ತುದಿಯತ್ತ ಸರಿಯುತ್ತದೆ. ಅದಕ್ಕೇ ಒಂದಡಿಯೂ ಮುಟ್ಟದ ಅಲಗು ಪುಟ್ಟ ಕೊಡಲಿಯ ಹಾಗೆ ಬೀಳುವುದು. ಹಿಡಿಯ ಹತ್ತಿರ ಕೊರೆಯುವ ‘ಕೌಡಿ’ ಎಂಬ ಕಚ್ಚಿಗೆ ಶಿವನ ತ್ರಿಶೂಲ, ಗೋವಿನ ಗೊರಸು ಎಂದೆಲ್ಲ ಅರ್ಥ ಹೇಳುತ್ತಾರೆ. ರಕ್ತ ಹಿಡಿಗೆ ಇಳಿಯದಿರಲೆಂದು ಎನ್ನುವವರೂ ಉಂಟು. ನನಗಂತೂ ಆ ಕಚ್ಚಿಗಿಂತ ಹೆಚ್ಚು ಕುತೂಹಲ ಮುಂದಿನ ಹಂತದ್ದು.

ಸಾಮಾನ್ಯವಾಗಿ ಹದ ಹಾಕುವುದೆಂದರೆ ಕೆಂಪಗೆ ಕಾದ ಅಲಗನ್ನು ನೀರಿಗೋ ಎಣ್ಣೆಗೋ ಅದ್ದುವುದು. ಖುಕುರಿಯನ್ನು ಅದ್ದುವುದಿಲ್ಲ. ಕಮ್ಮಾರ ಕೆಂಡದಿಂದ ತೆಗೆದ ಅಲಗನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಚಹಾ ಕಾಸುವಂಥ ಕೆಟ್ಲಿ ಎತ್ತಿ, ಮೂತಿಯಿಂದ ಸಣ್ಣ ಧಾರೆಯನ್ನು ಬಾಯಿಯ ಗುಂಟ ಹರಿಸುತ್ತಾನೆ. ಚುಂಯ್ ಎಂದು ಹಬೆ ಏಳುತ್ತದೆ. ಧಾರೆ ಹೊಟ್ಟೆಯ ಮೇಲೆ ಹೆಚ್ಚು ಹೊತ್ತು ಓಡಾಡುತ್ತದೆ, ಏಟು ಬೀಳುವುದು ಅಲ್ಲೇ ತಾನೆ. ಬಾಯಿ ಕಪ್ಪಗಾದರೂ ಬೆನ್ನು ಇನ್ನೂ ಕೆಂಪು. ನೀರು ನಿಂತ ಮೇಲೆ ಬೆನ್ನಿನ ಕಾವು ಮೆಲ್ಲಗೆ ಬಾಯಿಯತ್ತ ಹರಿದು, ಅತಿ ಬಿರುಸಾದ ಅಂಚನ್ನು ಒಂದಿಷ್ಟು ಸಡಿಲಿಸುತ್ತದೆ. ಬಾಯಿ ಗಟ್ಟಿ, ಬೆನ್ನು ಮೆದು: ಒಂದೇ ಕಬ್ಬಿಣದಲ್ಲಿ ಎರಡು ಸ್ವಭಾವ. ಅರ ಎಳೆದು ನೋಡಿದರೆ ಬೆನ್ನನ್ನು ಕಚ್ಚುತ್ತದೆ, ಬಾಯಿಯ ಮೇಲೆ ಜಾರುತ್ತದೆ. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ಬಣ್ಣ ನೋಡುವ ಕಣ್ಣೇ ಎಲ್ಲ. ನೀರು ಒಂದು ಕ್ಷಣ ಹೆಚ್ಚಾದರೆ ಬಾಯಿ ಚಕ್ಕೆ ಏಳುತ್ತದೆ, ಕಡಿಮೆಯಾದರೆ ಮಡಿಚಿಕೊಳ್ಳುತ್ತದೆ.

ಹಿಡಿ ಎಮ್ಮೆ ಕೊಂಬಿನದು ಇಲ್ಲವೇ ಮರದ್ದು. ಅರಗಿನಂಥ ‘ಲಾಹಾ’ ಅಂಟು ತುಂಬಿ, ಅಲಗಿನ ಬಾಲವನ್ನು ಕಾಸಿ ಒಳಗೆ ಇಳಿಸುತ್ತಾರೆ. ಒರೆಯ ತೊಗಲಿನ ಕೆಲಸ ಹಿಂದಿನಿಂದಲೂ ಸಾರ್ಕಿ ಸಮುದಾಯದ್ದು: ಕೊರೆದ ಎರಡು ಮರದ ಹೋಳುಗಳ ಮೇಲೆ ಎಮ್ಮೆಯ ತೊಗಲು.

ಅಲಗು ತಟ್ಟುವವರು ‘ಕಾಮಿ’ ಸಮುದಾಯದವರು. ಅನೇಕರು ಈಗ ವಿಶ್ವಕರ್ಮ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಆಯಗಾರರಿಗೆ ಸುಗ್ಗಿಯಲ್ಲಿ ಕಾಳು ಸಂದಾಯವಾಗುತ್ತಿದ್ದಂತೆ, ಗುಡ್ಡದ ಹಳ್ಳಿಗಳಲ್ಲಿ ‘ಬಾಲಿಘರೆ’ ಪದ್ಧತಿಯಲ್ಲಿ ಇವರಿಗೂ ವರ್ಷದ ಧಾನ್ಯವೇ ಕೂಲಿ. ಆದರೆ ಇಲ್ಲಿ ಜನಿವಾರ ಹಾಕುವ ವಿಶ್ವಕರ್ಮರಿಗೂ ಅವರಿಗೂ ಸ್ಥಾನದಲ್ಲಿ ಅಜಗಜಾಂತರ. ಜಂಗ್ ಬಹಾದೂರ್ ರಾಣಾ ಕಾಲದ 1854ರ ‘ಮುಲುಕಿ ಐನ್’ ಕಾನೂನು ಅವರನ್ನು ಅಸ್ಪೃಶ್ಯರ ಪಟ್ಟಿಗೆ ಹಾಕಿತು. 1963ರ ಹೊಸ ಸಂಹಿತೆ ಜಾತಿಭೇದದ ಕಾನೂನು ಬಲವನ್ನು ಕಿತ್ತುಹಾಕಿದರೂ, 2011ರಲ್ಲಿ ಅಸ್ಪೃಶ್ಯತೆಯ ವಿರುದ್ಧ ಪ್ರತ್ಯೇಕ ಕಾಯಿದೆ ತರಬೇಕಾಯಿತು. 1815ರಿಂದ ಬ್ರಿಟಿಷರ ಸೇನೆಗೆ ಸೇರಿದ ಗೂರ್ಖಾ ಪಡೆಗಳು ಈ ಕತ್ತಿಗೆ ಲೋಕಖ್ಯಾತಿ ತಂದವು. ಭಾರತೀಯ ಸೇನೆಯ ಗೋರ್ಖಾ ರೆಜಿಮೆಂಟುಗಳ ಲಾಂಛನದಲ್ಲಿ ಇಂದಿಗೂ ಜೋಡಿ ಖುಕುರಿ. ಆ ಹೆಮ್ಮೆಯ ಕತ್ತಿ ಮಾಡಿದವನ ಕೈಯ ನೀರು ಮಾತ್ರ ಮೈಲಿಗೆ! ಈಗ ಅವರ ಮಕ್ಕಳಲ್ಲಿ ಹಲವರು ಕೊಲ್ಲಿ ದೇಶಗಳಿಗೆ, ಮಲೇಷ್ಯಾಕ್ಕೆ ದುಡಿಯಲು ಹೋಗುತ್ತಿದ್ದಾರೆ. ಹೋಗಬಾರದೆನ್ನಲು ನಮಗೆ ಯಾವ ಹಕ್ಕಿದೆ?

ಕಠ್ಮಂಡುವಿನ ಅಂಗಡಿಗಳಲ್ಲಿ ಪ್ರವಾಸಿಗರಿಗೆಂದು ನೇತುಹಾಕುವ ಥಳಥಳ ಕತ್ತಿಗಳು ಗೋಡೆಗೆ ಸರಿ, ಸೌದೆಗಲ್ಲ. ಕೊಳ್ಳುವವರು ಪಾಲಿಶ್ ಬಿಟ್ಟು ಬೆನ್ನಿನ ದಪ್ಪ, ಹಿಡಿಯ ಬಿಗಿ ನೋಡಬೇಕು. ವಿಮಾನದಲ್ಲಿ ಕೈಚೀಲದಲ್ಲಿಟ್ಟರೆ ಕಸಿದುಕೊಳ್ಳುತ್ತಾರೆ, ಲಗೇಜಿಗೆ ಹಾಕಿ. ಮನೆಗೆ ತಂದ ಮೇಲೆ ತೆಳುವಾಗಿ ಎಣ್ಣೆ ಸವರಿಡಿ, ತುಕ್ಕು ಬೇಗ ಹಿಡಿಯುತ್ತದೆ. ಒರೆಯಿಂದ ಎಳೆಯುವಾಗ ಎಡಗೈ ಬೆರಳುಗಳನ್ನು ಅಲಗಿನ ಬಾಯಿ ಇರುವ ಕಡೆ ಸುತ್ತಬೇಡಿ: ಹೊಲಿಗೆ ಸಡಿಲವಾಗಿದ್ದರೆ ಅಲಗು ತೊಗಲನ್ನೂ ಸೀಳಿಕೊಂಡು ಬರುತ್ತದೆ.