ನೆಲದಾಳದ ಉರಿ ಮತ್ತು ಹಗುರ ತೈಲ

ತೈಲ ನಿಕ್ಷೇಪವೆಂದರೆ ನೆಲದೊಳಗಿನ ಎಣ್ಣೆಯ ಕೆರೆ ಎಂದು ಹಲವರು ಭಾವಿಸುತ್ತಾರೆ. ನಿಜದಲ್ಲಿ, ನೆನೆದ ಇಟ್ಟಿಗೆಯಲ್ಲಿ ನೀರು ಅಡಗಿರುವ ಹಾಗೆ ಕಚ್ಚಾ ತೈಲ ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಹುದುಗಿರುತ್ತದೆ. ಬಾವಿ ಕೊರೆದಾಗ ನಿಕ್ಷೇಪದ ಒತ್ತಡವೇ ಒಂದಷ್ಟನ್ನು ಮೇಲಕ್ಕೆ ದೂಡುತ್ತದೆ. ಒತ್ತಡ ಕುಸಿದ ಮೇಲೆ ಬೇರೆ ಬಾವಿಗಳಿಂದ ನೀರು ತುಂಬಿ ಇನ್ನಷ್ಟನ್ನು ತೆಗೆಯುತ್ತಾರೆ. ಇಷ್ಟಾದರೂ ಅನೇಕ ಕಡೆ ಅರ್ಧಕ್ಕಿಂತ ಹೆಚ್ಚು ತೈಲ ಕಲ್ಲಿನಲ್ಲೇ ಉಳಿಯುತ್ತದೆ. ಅದನ್ನು ಹೊರತರಲು ಇರುವ ಉಪಾಯಗಳಲ್ಲಿ ಒಂದು, ಆಳಕ್ಕೆ ಗಾಳಿ ಒತ್ತಿ ತೈಲದ ಸಣ್ಣ ಪಾಲನ್ನು ಅಲ್ಲಿಯೇ ಉರಿಸುವುದು.

ಎಣ್ಣೆಗೆ ತಕ್ಕ ಉರಿ

ಈ ವಿಧಾನ ಹೆಚ್ಚು ಹೆಸರಾಗಿರುವುದು ಮಂದ ತೈಲದಲ್ಲಿ. ಗುಜರಾತಿನ ಮೆಹ್ಸಾಣಾ ಪ್ರದೇಶದ ಬಾಲೋಲ್ ಕ್ಷೇತ್ರದಲ್ಲಿ ಓಎನ್‌ಜಿಸಿ 1990ರಲ್ಲಿ ಇದನ್ನು ಪ್ರಯೋಗಕ್ಕೆ ಇಳಿಸಿತು; 1997ರಲ್ಲಿ ವಾಣಿಜ್ಯ ಮಟ್ಟಕ್ಕೆ ಒಯ್ದಿತು. ಅಲ್ಲಿ ಉರಿಯ ಮುಖ್ಯ ಕೆಲಸ ಕಾಸುವುದು. ಕಾದಾಗ ಜಿಗುಟು ಎಣ್ಣೆ ತೆಳ್ಳಗಾಗಿ ಬಾವಿಯತ್ತ ಹರಿಯುತ್ತದೆ.

ಹಗುರ ತೈಲವಾದರೋ ಮೊದಲೇ ತೆಳ್ಳಗಿದೆ. ಅದನ್ನು ಕಾಸಿ ಏನು ಪ್ರಯೋಜನ? ಇಲ್ಲಿ ಶಾಖಕ್ಕಿಂತ ಮುಖ್ಯವಾದುದು ಉರಿಯಿಂದ ಹುಟ್ಟುವ ಹೊಗೆ.

ನೂರು ಪಾಲು ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಪಾಲು, ಸಾರಜನಕ 78 ಪಾಲು. ಆಳದ ನಿಕ್ಷೇಪಗಳು ಬಿಸಿಯಾಗಿರುವುದರಿಂದ ಆಮ್ಲಜನಕ ಎಣ್ಣೆಯನ್ನು ಮುಟ್ಟಿದೊಡನೆ ನಿಧಾನವಾಗಿ ಉತ್ಕರ್ಷಣೆ ಆರಂಭವಾಗುತ್ತದೆ. ಅದರಿಂದ ಹೊಮ್ಮಿದ ಶಾಖ ಬಂಡೆಯಲ್ಲಿ ಕೂಡಿಕೊಂಡು ಕ್ರಿಯೆಯ ವೇಗ ಏರುತ್ತದೆ. ಹೊರಗಿನಿಂದ ಕಿಡಿ ಹಚ್ಚದೆಯೇ ಉರಿ ಹೊತ್ತಿಕೊಳ್ಳಬಹುದು. ಆಮ್ಲಜನಕ ಅಲ್ಲೇ ಖರ್ಚಾಗಿ, ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ತುಂಬಿದ ಅನಿಲ ಮುಂದಕ್ಕೆ ನುಗ್ಗುತ್ತದೆ. ಅದು ಒತ್ತಡವನ್ನು ಎತ್ತಿಹಿಡಿದು ಎಣ್ಣೆಯನ್ನು ತಳ್ಳುತ್ತದೆ. ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಎಣ್ಣೆಯಲ್ಲಿ ಕರಗಿ ಅದನ್ನು ಉಬ್ಬಿಸುತ್ತದೆ.

ಶಾಖವೂ ವ್ಯರ್ಥವಾಗುವುದಿಲ್ಲ. ಉರಿಯ ಮುಂದಿರುವ ಎಣ್ಣೆಯ ಹಗುರ ಅಂಶಗಳು ಆವಿಯಾಗಿ, ಮುಂದಿನ ತಂಪು ಬಂಡೆಯಲ್ಲಿ ಮತ್ತೆ ದ್ರವವಾಗುತ್ತವೆ. ಹೀಗೆ ಆವಿಯಾಗುವುದು, ಮತ್ತೆ ದ್ರವವಾಗುವುದು ನಡೆಯುತ್ತಾ ಎಣ್ಣೆ ಬಾವಿಯ ಕಡೆಗೆ ಸರಿಯುತ್ತದೆ. ಹಿಂದೆ ಉಳಿದ ಭಾರದ ಅಂಶವೇ ಹೆಚ್ಚಾಗಿ ಉರಿಗೆ ಇಂಧನ.

ಬಫೆಲೊದ ಪಾಠ

ಅಮೆರಿಕದ ದಕ್ಷಿಣ ಡಕೋಟಾದ ಬಫೆಲೊ ತೈಲಕ್ಷೇತ್ರ ಹಗುರ ತೈಲದಲ್ಲಿನ ಈ ವಿಧಾನಕ್ಕೆ ಹಳೆಯ, ಗಟ್ಟಿಯಾದ ಉದಾಹರಣೆ. ಅಲ್ಲಿ ತೈಲವಿರುವುದು ಸುಮಾರು 2,600 ಮೀಟರ್ ಆಳದ, ಕೆಲವೇ ಮೀಟರ್ ದಪ್ಪದ ಡಾಲೋಮೈಟ್ ಪದರದಲ್ಲಿ. ತಾಪಮಾನ ಸುಮಾರು 100 ಡಿಗ್ರಿ ಸೆಲ್ಸಿಯಸ್. ಬಂಡೆಯ ರಂಧ್ರಗಳು ಬಿಗಿಯಾಗಿದ್ದು ನೀರನ್ನು ಒಳಬಿಡಲು ಹಿಂಜರಿಯುತ್ತಿದ್ದವು. ಗಾಳಿ ಸಲೀಸಾಗಿ ಒಳನುಗ್ಗುತ್ತಿತ್ತು. ಹಾಗಾಗಿ 1979ರಲ್ಲಿ ಗಾಳಿ ಒತ್ತುವ ಕೆಲಸ ಶುರುವಾಯಿತು. ಬಾವಿಯ ಬಾಯಲ್ಲಿ ಬೇಕಾದ ಒತ್ತಡ ವಾತಾವರಣದ ಒತ್ತಡದ ಸುಮಾರು 300 ಪಟ್ಟು. ಕ್ರಮ ಫಲ ಕೊಟ್ಟಿತು, ದಶಕಗಳ ಕಾಲ ಮುಂದುವರಿಯಿತು. ಪಕ್ಕದ ಉತ್ತರ ಡಕೋಟಾದ ಮೆಡಿಸಿನ್ ಪೋಲ್ ಹಿಲ್ಸ್, ಸೀಡರ್ ಹಿಲ್ಸ್ ಕ್ಷೇತ್ರಗಳಿಗೂ ಹಬ್ಬಿತು.

ಎಚ್ಚರ ಎಲ್ಲಿ?

ಗಾಳಿ ಪುಕ್ಕಟೆ, ಅದನ್ನು ಅಷ್ಟು ಒತ್ತಡಕ್ಕೇರಿಸುವ ಕಂಪ್ರೆಸರ್ ಪುಕ್ಕಟೆಯಲ್ಲ. ಅಪಾಯವೂ ಇದೆ. ಗಾಳಿ ಒತ್ತುವುದು ನಡುವೆ ನಿಂತರೆ ಎಣ್ಣೆ ಗಾಳಿ ಒತ್ತುವ ಬಾವಿಗೇ ಹಿಂದಿರುಗಿ, ಗಾಳಿಯೊಡನೆ ಬೆರೆತು ಸ್ಫೋಟಿಸಬಹುದು. ಆದ್ದರಿಂದ ಕೂಡಲೇ ನೀರು ಅಥವಾ ಸಾರಜನಕ ಹಾಯಿಸಿ ಬಾವಿಯನ್ನು ಶುಚಿಗೊಳಿಸುತ್ತಾರೆ. ಉರಿ ಸರಿಯಾಗಿ ಹತ್ತದಿದ್ದರೆ ಆಮ್ಲಜನಕ ಉಳಿದು, ಎಣ್ಣೆ ತೆಗೆಯುವ ಬಾವಿಯವರೆಗೂ ನುಸುಳಬಹುದು. ಅದನ್ನು ಅರಿಯಲು ಹೊರಬರುವ ಅನಿಲದ ಆಮ್ಲಜನಕವನ್ನು ಸದಾ ಅಳೆಯಬೇಕು. ಇಂಗಾಲದ ಡೈಆಕ್ಸೈಡ್ ನೀರಿನೊಡನೆ ಸೇರಿ ಆಮ್ಲವಾಗಿ ಕೊಳವೆಗಳನ್ನು ತಿನ್ನುತ್ತದೆ.

ಇದು ಎಲ್ಲ ನಿಕ್ಷೇಪಕ್ಕೂ ಒಗ್ಗುವ ಮದ್ದಲ್ಲ. ಹಗುರ ತೈಲದ ಬಂಡೆ ಆಳದಲ್ಲಿದ್ದು, ಬಿಸಿಯಾಗಿದ್ದು, ನೀರನ್ನು ಒಳಬಿಡದಷ್ಟು ಬಿಗಿಯಾಗಿದ್ದರೆ ಗಾಳಿಯ ದಾರಿ ಯೋಚಿಸತಕ್ಕದ್ದು. ಅಲ್ಲಿಯೂ ಆ ಎಣ್ಣೆ ಎಷ್ಟು ಚೆನ್ನಾಗಿ ಉರಿಯುತ್ತದೆ ಎಂಬುದನ್ನು ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಮುಂದುವರಿಯಬೇಕು.