ಸ್ನೀಕಿ ಪೀಟ್ ಅವರ ಉಕ್ಕಿನ ತಂತಿಗಳು

2007ರ ಜನವರಿ 6ರಂದು, ತಮ್ಮ 72ನೆಯ ವಯಸ್ಸಿನಲ್ಲಿ, ಪೆಡಲ್ ಸ್ಟೀಲ್ ಗಿಟಾರು ವಾದಕ ಸ್ನೀಕಿ ಪೀಟ್ ಕ್ಲೈನೋ ಕ್ಯಾಲಿಫೋರ್ನಿಯಾದಲ್ಲಿ ದಿವಂಗತರಾದರು. ಮೇಜಿನಂತೆ ಮುಂದಿರಿಸಿಕೊಂಡ ತಂತಿಗಳ ಮೇಲೆ ಎಡಗೈಯ ಉಕ್ಕಿನ ಸಲಾಕೆಯನ್ನು ಜಾರಿಸುತ್ತ, ಬಲಗೈಯಿಂದ ಮೀಟುತ್ತ, ಕಾಲಿನಿಂದ ಪೆಡಲನ್ನೊತ್ತಿ ನುಡಿಯುತ್ತಿರುವ ಸ್ವರವನ್ನೇ ಮತ್ತೊಂದು ಸ್ವರಕ್ಕೆ ಬಾಗಿಸುವ ಪೆಡಲ್ ಸ್ಟೀಲ್ ಗಿಟಾರು, ಕಂಟ್ರಿ ಸಂಗೀತದ ವಿರಹಗೀತೆಗಳಿಗೆ ಸೌಮ್ಯ ಸಹಚರನಾಗಿದ್ದ ಆ ವಾದ್ಯವು, 1969ರಲ್ಲಿ ‘ಫ್ಲೈಯಿಂಗ್ ಬರಿಟೋ ಬ್ರದರ್ಸ್’ ತಂಡದ ಪ್ರಥಮ ಧ್ವನಿಮುದ್ರಿಕೆಯಲ್ಲಿ, ಇವರ ಕೈಯಿಂದ ಫಜ್ ಯಂತ್ರದ ಒರಟು ಗರ್ಜನೆಯನ್ನು ಪಡೆದು ರಾಕ್ ಸಂಗೀತದ ಅಂತರಂಗವನ್ನೇ ಪ್ರವೇಶಿಸಿತು. ಇವರ ಮತ್ತೊಂದು ವೃತ್ತಿಯಾದರೋ, ಗೊಂಬೆಗಳನ್ನು ಕೂದಲೆಳೆಯಷ್ಟೇ ಕದಲಿಸಿ ಒಂದೊಂದು ಚಿತ್ರವಾಗಿ ಸೆರೆಹಿಡಿದು ಚಲನೆಯನ್ನು ಮೂಡಿಸುವುದು; ‘ಗಂಬಿ’ ಗೊಂಬೆ ಸರಣಿಯಲ್ಲಿಯೂ ‘ಟರ್ಮಿನೇಟರ್’ ಚಲನಚಿತ್ರದಲ್ಲಿಯೂ ಆ ಪರಿಶ್ರಮವುಂಟು. ಜಡಕ್ಕೆ ಉಸಿರೂಡುವ ಅದೇ ಸಹನೆ ತಂತಿಗಳಲ್ಲಿಯೂ ನುಡಿಯಿತೆಂದು ನಾನು ನಂಬಿದ್ದೇನೆ. ಬರಿಟೋ ತಂಡದ ಆ ಧ್ವನಿಮುದ್ರಿಕೆಯ ‘ಕ್ರಿಸ್ಟೀನ್ಸ್ ಟ್ಯೂನ್’ ಹಾಡನ್ನೊಮ್ಮೆ ಆಲಿಸಿರಿ: ಗಾಯಕರ ಬೆನ್ನ ಹಿಂದೆ ಕುದಿಯುತ್ತಿರುವ ಆ ನಾದ ಇವರದೇ.