ಕಡಲೆಕಾಯಿಯ ಪ್ರೋಟೀನು ಮತ್ತು ಕಾಣದ ಬಂಧಗಳು

ತುಮಕೂರು ಜಿಲ್ಲೆಯಲ್ಲಿ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯಿಂದ ಮಧುಗಿರಿ, ಶಿರಾ, ಪಾವಗಡಗಳವರೆಗೆ ಹಬ್ಬಿರುವ ಬೆದ್ದಲು ಸೀಮೆಯಲ್ಲಿ ಕಡಲೆಕಾಯಿಯ ಬೆಲೆ ಕಟ್ಟುವುದು ಎಣ್ಣೆಯ ಲೆಕ್ಕದಲ್ಲಾದರೂ, ಅದೇ ಬೀಜದಲ್ಲಿ ಅಲ್ಪ ಪ್ರಮಾಣದಲ್ಲಿರುವ ಒಂದು ಪ್ರೋಟೀನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಿಗೆ ವರ್ಷಗಟ್ಟಲೆ ಕೆಲಸ ಕೊಟ್ಟಿತು. ನಿರ್ದಿಷ್ಟ ಸಕ್ಕರೆಗಳನ್ನು ಗುರುತಿಸಿ ಹಿಡಿದುಕೊಳ್ಳುವ ಇಂಥ ಪ್ರೋಟೀನುಗಳಿಗೆ ಲೆಕ್ಟಿನ್ ಎಂದು ಹೆಸರು. ಕಡಲೆಕಾಯಿಯ ಲೆಕ್ಟಿನ್ ಹಿಡಿಯುವುದು ಟಿ-ಆಂಟಿಜೆನ್ ಎಂಬ ಜೋಡಿ ಸಕ್ಕರೆಯನ್ನು. ಆರೋಗ್ಯವಂತ ಜೀವಕೋಶಗಳಲ್ಲಿ ಬೇರೆ ಸಕ್ಕರೆಗಳ ಮರೆಯಲ್ಲಿರುವ ಈ ಜೋಡಿಯು ಹಲವು ಬಗೆಯ ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ಬಯಲಾಗಿರುವುದರಿಂದ, ಅದನ್ನು ಪತ್ತೆಹಚ್ಚುವ ಸಾಧನವಾಗಿ ಈ ಲೆಕ್ಟಿನ್ನಿಗೆ ಮಹತ್ವ ಬಂತು. ನೂರಾರು ಸಕ್ಕರೆಗಳ ನಡುವೆ ಅದು ತನಗೆ ಬೇಕಾದುದನ್ನೇ ಆರಿಸಿಕೊಳ್ಳುವ ಬಗೆಯನ್ನು ಅರಿಯಬೇಕಾದರೆ ಜಲಜನಕ ಬಂಧವನ್ನು ಅರಿಯಬೇಕಾಗುತ್ತದೆ.

ಸಾರಜನಕ ಅಥವಾ ಆಮ್ಲಜನಕಕ್ಕೆ ಸೇರಿಕೊಂಡ ಜಲಜನಕವು ತನ್ನ ಒಂದೇ ಒಂದು ಎಲೆಕ್ಟ್ರಾನನ್ನು ಭಾಗಶಃ ಅದರ ಕಡೆಗೆ ಬಿಟ್ಟುಕೊಟ್ಟು, ತಾನು ತುಸು ಧನಾವೇಶ ತಾಳಿ, ಸಮೀಪದ ಮತ್ತೊಂದು ಆಮ್ಲಜನಕದ ಅಥವಾ ಸಾರಜನಕದ ಆಕರ್ಷಣೆಗೆ ಒಳಗಾಗುತ್ತದೆ. ಇದೇ ಜಲಜನಕ ಬಂಧ. ಪರಮಾಣುಗಳನ್ನು ಅಣುವಾಗಿ ಹಿಡಿದಿಡುವ ಸಾಮಾನ್ಯ ಬಂಧದ ಸುಮಾರು ಇಪ್ಪತ್ತನೆಯ ಒಂದು ಪಾಲಿನಷ್ಟು ಮಾತ್ರ ಬಲ ಇದಕ್ಕಿದ್ದರೂ, ಒಂದೊಂದು ಪ್ರೋಟೀನಿನಲ್ಲಿಯೂ ಇಂಥವು ನೂರಾರು ಇರುವುದರಿಂದ ಅದರ ಮಡಿಕೆಗಳು ನಿಲ್ಲುವುದು ಬಹಳಮಟ್ಟಿಗೆ ಇವುಗಳ ಆಧಾರದಿಂದಲೇ. ಅಮೈನೋ ಆಮ್ಲಗಳ ಸರಪಳಿಯು ಸುರುಳಿಯಾಗಿ ಸುತ್ತಿಕೊಂಡಾಗ ಪ್ರತಿಯೊಂದು ಘಟಕವೂ ತನ್ನಿಂದ ನಾಲ್ಕನೆಯದರೊಡನೆ ಈ ಬಂಧವನ್ನು ಏರ್ಪಡಿಸಿಕೊಳ್ಳುತ್ತದೆಂದು ಲೈನಸ್ ಪೌಲಿಂಗ್ ಮತ್ತು ಸಂಗಡಿಗರು 1951ರಲ್ಲಿ ಪ್ರಕಟಿಸಿದಾಗ, ಯಾವ ಪ್ರೋಟೀನಿನ ಪೂರ್ಣ ರಚನೆಯೂ ಇನ್ನೂ ಬೆಳಕಿಗೆ ಬಂದಿರಲಿಲ್ಲ.

ರಚನೆಯನ್ನು ಕಾಣಿಸಿಕೊಡುವ ಮುಖ್ಯ ವಿಧಾನ ಕ್ಷ-ಕಿರಣ ಸ್ಫಟಿಕ ವಿಜ್ಞಾನ. ಶುದ್ಧೀಕರಿಸಿದ ಪ್ರೋಟೀನನ್ನು ಹರಳುಗಟ್ಟಿಸಿ, ಆ ಹರಳಿನ ಮೇಲೆ ಕ್ಷ-ಕಿರಣವನ್ನು ಹಾಯಿಸಿದರೆ, ಎಲೆಕ್ಟ್ರಾನುಗಳಿಂದ ಚದುರಿದ ಕಿರಣಗಳು ಸಾವಿರಾರು ಚುಕ್ಕೆಗಳಾಗಿ ದಾಖಲಾಗುತ್ತವೆ; ಅವುಗಳ ತೀವ್ರತೆಯನ್ನು ಅಳೆದು, ಹೆಚ್ಚಿನ ಪ್ರಯೋಗಗಳನ್ನೂ ಗಣಿತವನ್ನೂ ಸೇರಿಸಿ ಎಲೆಕ್ಟ್ರಾನುಗಳ ಸಾಂದ್ರತೆಯ ನಕ್ಷೆಯನ್ನು ರಚಿಸಲಾಗುತ್ತದೆ. ತೊಡಕಿರುವುದು ಇಲ್ಲಿಯೇ. ಇಂಗಾಲಕ್ಕೆ 6, ಸಾರಜನಕಕ್ಕೆ 7, ಆಮ್ಲಜನಕಕ್ಕೆ 8 ಎಲೆಕ್ಟ್ರಾನುಗಳಿದ್ದರೆ ಜಲಜನಕಕ್ಕೆ ಇರುವುದು ಒಂದೇ ಆದುದರಿಂದ, ಸಾಮಾನ್ಯ ಪ್ರೋಟೀನು ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಆಮ್ಲಜನಕದ ಅಥವಾ ಸಾರಜನಕದ ಎರಡು ಪರಮಾಣುಗಳ ಅಂತರ ಸುಮಾರು 2.7ರಿಂದ 3.2 ಆಂಗ್‌ಸ್ಟ್ರಾಮ್ ಇದ್ದು, ಅಂದರೆ ಒಂದು ಮಿಲಿಮೀಟರಿನ ಕೋಟಿಯಲ್ಲಿ ಸುಮಾರು ಮೂರು ಪಾಲಿನಷ್ಟಿದ್ದು, ಕೋನವೂ ಹೊಂದಿದರೆ ನಡುವೆ ಜಲಜನಕ ಬಂಧವಿದೆಯೆಂದು ತೀರ್ಮಾನಿಸುತ್ತಾರೆ. ಪುಸ್ತಕಗಳಲ್ಲಿ ಈ ಬಂಧವನ್ನು ಸೂಚಿಸುವ, ಅಷ್ಟು ನಿಶ್ಚಿತವಾಗಿ ಕಾಣುವ ಚುಕ್ಕೆಗೆರೆ ಒಂದು ಅನುಮಾನಪ್ರಮಾಣ. ಆಸ್ಪರಜಿನ್ ಎಂಬ ಅಮೈನೋ ಆಮ್ಲದ ತುದಿಯಲ್ಲಿ ಸಾರಜನಕ ಯಾವುದು, ಆಮ್ಲಜನಕ ಯಾವುದು ಎಂಬುದು ನಕ್ಷೆಯಿಂದ ತಿಳಿಯದಿದ್ದಾಗ, ಸುತ್ತಲಿನ ಪರಮಾಣುಗಳೊಡನೆ ಜಲಜನಕ ಬಂಧ ಎತ್ತ ತಿರುಗಿಸಿದರೆ ಕೂಡಿಬರುತ್ತದೆ ಎಂದು ನೋಡಿಯೇ ನಿರ್ಧರಿಸುವುದೂ ಉಂಟು.

ಕ್ಷ-ಕಿರಣದ ಬದಲು ಹಾಯಿಸಬಹುದಾದ ನ್ಯೂಟ್ರಾನುಗಳು ಪರಮಾಣುವಿನ ಬೀಜಕೇಂದ್ರದಿಂದಲೇ ಚದುರುವುದರಿಂದ ಅವುಗಳಿಗೆ ಜಲಜನಕ ಕಾಣುತ್ತದೆ. ಆದರೆ ದೊಡ್ಡ ಹರಳೂ, ರಿಯಾಕ್ಟರಿನಂಥ ನ್ಯೂಟ್ರಾನು ಮೂಲವೂ ಬೇಕು. ಒಂದು ಆಂಗ್‌ಸ್ಟ್ರಾಮಿಗಿಂತ ಹೆಚ್ಚು ಸ್ಫುಟವಾದ ನಕ್ಷೆ ದೊರೆತರೆ ಕ್ಷ-ಕಿರಣಕ್ಕೂ ಹಲವು ಜಲಜನಕಗಳು ಗೋಚರವಾಗುತ್ತವೆ. ಅಂಥ ಹರಳುಗಳು ಅಪರೂಪ.

ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್‌ಕಿನ್ ಅವರ ಬಳಿ ಇನ್ಸುಲಿನ್ ರಚನೆಯ ಕೆಲಸದಲ್ಲಿ ಭಾಗಿಯಾಗಿದ್ದ ಎಂ. ವಿಜಯನ್ 1971ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿ ಪ್ರೋಟೀನು ಸ್ಫಟಿಕ ವಿಜ್ಞಾನವನ್ನು ಬೆಳೆಸಿದರು. ಅವಧೇಶ ಸುರೋಲಿಯಾ, ಕೆ. ಸುಗುಣಾ ಮೊದಲಾದವರೊಡನೆ ಅವರು 1994ರಲ್ಲಿ ಪ್ರಕಟಿಸಿದ ಕಡಲೆಕಾಯಿ ಲೆಕ್ಟಿನ್ನಿನ ರಚನೆಗೆ 22,155 ಚುಕ್ಕೆಗಳ ಮಾಹಿತಿ ಬಳಕೆಯಾಗಿತ್ತು. ಒಂದೇ ಬಗೆಯ ನಾಲ್ಕು ಘಟಕಗಳು ಕೂಡಿದಾಗ ಇರಬೇಕಾದ ಸಮಮಿತಿ ಅದರಲ್ಲಿ ಇಲ್ಲದಿದ್ದುದು ಪರಿಣತರನ್ನೂ ಅಚ್ಚರಿಗೊಳಿಸಿತು. 2.95 ಆಂಗ್‌ಸ್ಟ್ರಾಮ್ ಸ್ಫುಟತೆಯ ಆ ನಕ್ಷೆ ನೀರಿನ ಅಣುಗಳನ್ನು ನೆಚ್ಚಿ ಗುರುತಿಸುವಷ್ಟು ತಿಳಿಯಾಗಿರಲಿಲ್ಲ. ಟಿ-ಆಂಟಿಜೆನ್ನಿನ ಸಮೇತ ಹರಳುಗಟ್ಟಿಸಿ ನಡೆಸಿದ ಮುಂದಿನ ಅಧ್ಯಯನದಲ್ಲಿ, ಲೆಕ್ಟಿನ್ ಆ ಜೋಡಿ ಸಕ್ಕರೆಗೆ ತೋರುವ ವಿಶೇಷ ಒಲವಿಗೆ ನಡುವೆ ನಿಂತ ನೀರಿನ ಅಣುಗಳೇ ಕಾರಣವೆಂದು 1997ರಲ್ಲಿ ತಿಳಿದುಬಂತು. ಒಂದು ಬದಿಯಲ್ಲಿ ಸಕ್ಕರೆಗೂ ಇನ್ನೊಂದು ಬದಿಯಲ್ಲಿ ಪ್ರೋಟೀನಿಗೂ ಜಲಜನಕ ಬಂಧದಿಂದ ಸೇರಿಕೊಂಡ ನೀರು, ಇಲ್ಲಿ ಪ್ರೋಟೀನಿನ ಅಂಗವಾಗಿಯೇ ವರ್ತಿಸುತ್ತದೆ.

ಇದೇ ತಂಡದ ಇನ್ನೊಂದು ಅಧ್ಯಯನದ ವಸ್ತು ಹಲಸಿನ ಬೀಜದ ಜಾಕಲಿನ್ ಎಂಬ ಲೆಕ್ಟಿನ್. ಹಲಸಿಗೆ ಹೆಸರಾದ ತುಮಕೂರು ಜಿಲ್ಲೆಗೆ ಇದೂ ಪರಕೀಯವಲ್ಲ. ಮೊದಲು ಒಂದೇ ಸರಪಳಿಯಾಗಿ ತಯಾರಾಗುವ ಈ ಪ್ರೋಟೀನು ಬಳಿಕ ಬೀಜದೊಳಗೇ ಕತ್ತರಿಸಲ್ಪಟ್ಟು, 133 ಅಮೈನೋ ಆಮ್ಲಗಳ ಉದ್ದನೆಯ ಸರಪಳಿ ಮತ್ತು 20ರ ಗಿಡ್ಡ ಸರಪಳಿಯಾಗಿ ಬೇರ್ಪಡುತ್ತದೆ. ಕತ್ತರಿಸಿದ ಜಾಗದಲ್ಲಿ ಹೊಸದಾಗಿ ತೆರೆದುಕೊಂಡ ಗ್ಲೈಸಿನ್ನಿನ ಸಾರಜನಕವು ಗ್ಯಾಲಕ್ಟೋಸ್ ಸಕ್ಕರೆಯೊಡನೆ ಜಲಜನಕ ಬಂಧವನ್ನು ಏರ್ಪಡಿಸಿಕೊಳ್ಳುವುದು 1996ರ ರಚನೆಯಲ್ಲಿ ಕಂಡುಬಂತು. ಅದೇ ಹಲಸಿನ ಬೀಜದಲ್ಲಿರುವ ಆರ್ಟೋಕಾರ್ಪಿನ್ ಎಂಬ ಮತ್ತೊಂದು ಲೆಕ್ಟಿನ್ನಿನ ಮಡಿಕೆಯ ಮಾದರಿಯೂ ಇದೇ ಆಗಿದ್ದು, ಅದರ ಸರಪಳಿ ಮಾತ್ರ ಕತ್ತರಿಸಲ್ಪಡುವುದಿಲ್ಲ. ಅದು ಒಲಿಯುವುದು ಗ್ಯಾಲಕ್ಟೋಸಿಗಲ್ಲ, ಮ್ಯಾನೋಸಿಗೆ.